ಭಾಗ್ಯಳ ಅಂಕಕ್ಕೊಂದು ಅರ್ಚನೆ

ವ್ಯಾಕರಣ ಬಲ್ಲವನಿಗೆ ಲೋಕದಲ್ಲಿ ಅರ್ಥವಾಗದ ವಿದ್ಯೆಯೇ ಇಲ್ಲವೆಂದು ನಾನು ಬಹುಕಾಲ ನಂಬಿದ್ದೆ. ಮಳವಳ್ಳಿಯ ಪ್ರೌಢಶಾಲೆಯಲ್ಲಿ ಸಂಸ್ಕೃತ ಬೋಧಿಸಿ ನಿವೃತ್ತನಾದವನು ನಾನು. ಆ ನಂಬಿಕೆಗೆ ಭಂಗ ತಂದದ್ದು ಶಾಸ್ತ್ರವಲ್ಲ, ಒಂದು ಚಿಕ್ಕ ಬಿಳಿಯ ಚೆಂಡು!

ನನ್ನ ಶಿಷ್ಯೆ ಭಾಗ್ಯ ಪೂರಿಗಾಲಿಯ ಹುಡುಗಿ. ಅವಳ ತಂದೆ ಶಿವಣ್ಣ ಮೊದಲು ಮೈಸೂರಿನ ಒಂದು ಗಾಲ್ಫ್ ಮೈದಾನದಲ್ಲಿ ಹುಲ್ಲು ಕತ್ತರಿಸುತ್ತಿದ್ದರು, ಈಗ ವಿ.ಸಿ. ಫಾರಂನ ಕೃಷಿ ಕೇಂದ್ರದಲ್ಲಿ ಟ್ರ್ಯಾಕ್ಟರ್ ಓಡಿಸುತ್ತಾರೆ. ರಜೆಯಲ್ಲಿ ತಂದೆಯೊಡನೆ ಮೈದಾನಕ್ಕೆ ಹೋಗಿ ಚೆಂಡು ಹೆಕ್ಕುತ್ತಿದ್ದ ಮಗು, ಯಾರೋ ಕೊಟ್ಟ ಹಳೆಯ ಕೋಲಿನಿಂದ ಹೊಡೆಯಲು ಕಲಿತು, ದೇಶವಿದೇಶಗಳಲ್ಲಿ ಆಡುವ ವೃತ್ತಿಪರ ಆಟಗಾರ್ತಿಯಾದಳು. ತರಗತಿಯಲ್ಲಿಯೂ ಅವಳದು ಅದೇ ಹಟ. ಶ್ಲೋಕದಲ್ಲಿ ಒಂದಕ್ಷರ ತಪ್ಪಿದರೆ, ನಾನು ಸಾಕೆಂದರೂ ಬಿಡದೆ, ಮೊದಲಿನಿಂದ ಹೇಳುವಳು. ಅಂಥವಳಿಗೆ ಕಳೆದ ವರ್ಷ ಮಣಿಕಟ್ಟಿಗೆ ಪೆಟ್ಟಾಯಿತು. ಆಟ ಕುಸಿಯಿತು. ಈ ಸಲ ಹೈದರಾಬಾದಿನ ಕೊನೆಯ ಪಂದ್ಯದಲ್ಲಿ ಒಳ್ಳೆಯ ಸ್ಥಾನ ಬಾರದಿದ್ದರೆ, ಮುಂದಿನ ವರ್ಷ ದೊಡ್ಡ ಪಂದ್ಯಗಳಲ್ಲಿ ಅವಳಿಗೆ ಜಾಗವಿಲ್ಲ.

ಗುರುವಾದವನು ಸುಮ್ಮನಿರಲಾದೀತೆ? ಮೂರು ದಿನದ ಪಂದ್ಯದ ಮೊದಲ ದಿನ ಬೆಳಿಗ್ಗೆ ದೇವರ ಮುಂದೆ ಕುಳಿತು, ಅವಳ ಹೆಸರು ಹೇಳಿ, "ಅಂಕಾಭಿವೃದ್ಧ್ಯರ್ಥಂ" ಎಂದು ಗಂಭೀರವಾಗಿ ಸಂಕಲ್ಪ ಮಾಡಿದೆ.

ಸಂಜೆ ಮೊಬೈಲಿನಲ್ಲಿ ಫಲಿತಾಂಶ ಬಂತು. ಭಾಗ್ಯಳಿಗೆ ಎಪ್ಪತ್ತೊಂಬತ್ತು! ಉಳಿದವರೆಲ್ಲ ಎಪ್ಪತ್ತೈದರ ಆಸುಪಾಸು. ದೇವರು ಇಷ್ಟು ಶೀಘ್ರವಾಗಿ ಒಲಿದದ್ದು ನನ್ನ ಆಯುಸ್ಸಿನಲ್ಲೇ ಇರಲಿಲ್ಲ.

ನನ್ನ ಪತ್ನಿ ಶಾರದೆ ಕನ್ನಡಕ ಏರಿಸಿ ನೋಡಿದಳು. "ಅಲ್ಲಾಂದ್ರೆ, ಅವಳ ಹೆಸರು ತೀರಾ ಕೆಳಗಿದೆಯಲ್ಲ?"

"ಶ್ರೇಷ್ಠವಾದದ್ದು ಕೊನೆಯಲ್ಲಿ ಬರುವುದೇ ಶಾಸ್ತ್ರಸಮ್ಮತ. ಸ್ತೋತ್ರದ ಫಲಶ್ರುತಿ ಎಲ್ಲಿರುತ್ತದೆ?"

"ಕೊನೇಲಿ."

"ಮತ್ತೆ! ಪಾಯಸಕ್ಕೆ ಇಡು."

ಹೆಸರುಬೇಳೆಯ ಪಾಯಸವಾಯಿತು. ಬೀದಿಯ ಮನೆಮನೆಗೂ ಲೋಟ ಹೋಯಿತು. ಅಷ್ಟಕ್ಕೇ ನಿಂತಿದ್ದರೆ ಮಾನ ಉಳಿಯುತ್ತಿತ್ತು. ನಾನು ಹೈದರಾಬಾದಿಗೆ ಫೋನ್ ಮಾಡಿದೆ!

"ಎಲ್ಲರನ್ನೂ ಮೀರಿಸಿಬಿಟ್ಟೆ ಮಗಳೇ! ಬೀದಿಗೆಲ್ಲ ಪಾಯಸ ಹಂಚಿದೆವು. ನಾಳೆಯೂ ಹೀಗೆಯೇ ಆಡು. ಸಾಧ್ಯವಾದರೆ ಇನ್ನೂ ಹೆಚ್ಚು ಮಾಡು," ಎಂದು ಹೇಳಿ ಆಶೀರ್ವಾದದ ಶ್ಲೋಕವನ್ನೂ ಪೂರ್ತಿ ಹೇಳಿದೆ. ಆ ಕಡೆ ಏನೋ ಕರಕರ ಸದ್ದು. ಆಮೇಲೆ ಸಣ್ಣ ದನಿ. "ಆಯ್ತು ಸಾರ್... ನಿಮ್ಮ ಆಶೀರ್ವಾದ." ಹುಡುಗಿ ಆನಂದದಿಂದ ಗದ್ಗದಿತಳಾಗಿದ್ದಾಳೆಂದು ತಿಳಿದು ನನ್ನ ಕಣ್ಣೂ ತೇವವಾಯಿತು.

ಎರಡನೆಯ ದಿನದ ಸಂಜೆ ಸಿಡಿಲೆರಗಿತು. ಎಪ್ಪತ್ತೊಂದು! ಒಂದೇ ದಿನದಲ್ಲಿ ಇಂಥ ಪತನವೇ? ಮನೆಯ ಸಂಕಲ್ಪ ಸಾಲದೆಂದು, ಶಾರದೆಯನ್ನು ಹೊರಡಿಸಿಕೊಂಡು ಸಿಕ್ಕ ಬಸ್ಸಿನಲ್ಲಿ ಮದ್ದೂರಿಗೆ ಹೋಗಿ ನರಸಿಂಹಸ್ವಾಮಿಯ ಸನ್ನಿಧಿಯಲ್ಲಿ ನಿಂತೆ. ಈ ಬಾರಿ ಸಂಕೋಚಪಡಲಿಲ್ಲ. ನಾಳೆ ಅಂಕ ನೂರು ದಾಟಲೆಂದೇ ಅರ್ಚನೆ ಮಾಡಿಸಿದೆ.

ಮಂಗಳಾರತಿ ಮುಗಿಯುವಷ್ಟರಲ್ಲಿ ಶಿವಣ್ಣ ಹಣ್ಣುಕಾಯಿ ಹಿಡಿದು ಒಳಗೆ ಬಂದರು. ಮುಖದಲ್ಲಿ ಕಳೆ. ದುಃಖವನ್ನು ನುಂಗಿಕೊಂಡು ನಗುತ್ತಿದ್ದಾರೆಂದು ನನಗೆ ಮರುಕ ಹುಟ್ಟಿತು.

"ಎದೆಗುಂದಬೇಡಿ ಶಿವಣ್ಣ. ನಾಳೆ ನೂರು ದಾಟುವಂತೆ ಈಗತಾನೆ ಪ್ರಾರ್ಥಿಸಿದ್ದೇನೆ."

ಶಿವಣ್ಣನವರ ಕೈಯ ತಟ್ಟೆ ವಾಲಿತು. ಬಾಳೆಹಣ್ಣು ನೆಲಕ್ಕೆ ಬಿತ್ತು.

"ನೂರಾ? ನಮ್ ಭಾಗ್ಯಂಗಾ? ಅಯ್ಯೋ ಮೇಷ್ಟ್ರೇ, ಏನ್ ಕೆಲ್ಸ ಮಾಡ್ಬುಟ್ರಿ! ಅದು ರನ್ ಲೆಕ್ಕ ಅಲ್ಲ ಕಣ್ ಸೋಮಿ, ಒಡ್ದ ಏಟಿನ ಲೆಕ್ಕ! ಕಮ್ಮಿ ಏಟ್ಗೆ ಚೆಂಡು ಗುಳಿಗೆ ಬಿದ್ರೇ ಗೆದ್ದಂಗೆ. ನೂರು ದಾಟುದ್ರೆ ನನ್ ಮಗ್ಳು ಬ್ಯಾಗ್ ಎತ್ಕಂಡು ಪೂರಿಗಾಲಿ ಬಸ್ ಅತ್ತೋದೇಯ!"

ಶಾರದೆ ನನ್ನನ್ನು ನಿಧಾನವಾಗಿ ನೋಡಿದಳು. "ಹಾಗಾದ್ರೆ ನಿನ್ನೆ ನಾವು ಪಾಯಸ ಹಂಚಿದ್ದು, ಆ ಮಗು ಎಲ್ಲರಿಗಿಂತ ಹಿಂದೆ ಬಿದ್ದಳು ಅಂತಲಾ?"

ನಾನು ಕಂಬ ಹಿಡಿದುಕೊಂಡೆ. ಆ ಕಂಬದಿಂದ ನರಸಿಂಹ ಹೊರಬಂದಿದ್ದರೆ, ಹೊಟ್ಟೆ ಬಗೆಸಿಕೊಳ್ಳಲು ನಾನೇ ಮೊದಲಿಗನಾಗಿ ಮಲಗುತ್ತಿದ್ದೆ. ಆ ಫೋನ್ ಕರೆ ನೆನಪಾಯಿತು. ಗದ್ಗದ ಆನಂದದ್ದಲ್ಲ! ಸೋತು ಕುಳಿತ ಮಗುವಿಗೆ, "ಇನ್ನೂ ಹೆಚ್ಚು ಮಾಡು" ಎಂದಿದ್ದೆ.

ಓಡಿಹೋಗಿ ಅರ್ಚಕರನ್ನು ತಡೆದೆ. "ಸ್ವಾಮಿ, ಸಂಕಲ್ಪ ಹಿಂತೆಗೆದುಕೊಳ್ಳಬೇಕು. ಅಂಕ ಕಡಿಮೆಯಾಗಲೆಂದು ಇನ್ನೊಮ್ಮೆ ಅರ್ಚನೆಯಾಗಲಿ."

ಅವರು ಗಂಟೆ ಕೆಳಗಿಟ್ಟರು. "ಮೇಷ್ಟ್ರೇ, ಇಲ್ಲಿಗೆ ಬಂದೋರೆಲ್ಲ ಹೆಚ್ಚಾಗಲಿ ಅಂತಲೇ ಕೇಳ್ತಾರೆ. ಕಮ್ಮಿಯಾಗಲಿ ಅನ್ನೋರು ಸಕ್ಕರೆ ಕಾಯಿಲೆಯವರು ಮಾತ್ರ! ನಿಮಗೆಷ್ಟಿದೆ?"

"ನನಗಲ್ಲ! ಹೈದರಾಬಾದಿನಲ್ಲಿ ಒಬ್ಬ ಹುಡುಗಿಗೆ!"

"ಪಾಪ, ಚಿಕ್ಕ ವಯಸ್ಸಿಗೇ," ಎಂದು ಮರುಗಿ ಅರ್ಚನೆ ಮಾಡಿದರು.

ಮರುದಿನ ನಾನು ಜಪಮಾಲೆ ಮುಟ್ಟಲಿಲ್ಲ. ದೇವರು ಮತ್ತೆ ಯಾವುದನ್ನು ಹೇಗೆ ಅರ್ಥಮಾಡಿಕೊಂಡಾನೋ ಎಂಬ ಭಯ. ಸಂಜೆ ಶಾರದೆಯೇ ಮೊಬೈಲ್ ನೋಡಿ, "ಅರವತ್ತೇಳು!" ಎಂದಳು. ಅಭ್ಯಾಸಬಲದಿಂದ ನನ್ನೆದೆ ಒಮ್ಮೆ ಕುಸಿದು, ಆಮೇಲೆ ಜ್ಞಾನೋದಯವಾಗಿ ಮೇಲೆದ್ದಿತು. ಆ ದಿನ ಅಷ್ಟು ಕಡಿಮೆ ಏಟಿನಲ್ಲಿ ಮುಗಿಸಿದವರು ಬೇರೆ ಯಾರೂ ಇರಲಿಲ್ಲ. ಮೂರು ದಿನದ ಏಟು ಕೂಡಿಸಿದಾಗ ಅವಳ ಹೆಸರು ಮೇಲೇರಿತ್ತು, ಅವಳ ಜಾಗ ಉಳಿಯಿತು!

ಮುಂದಿನ ವಾರ ಭಾಗ್ಯ ಮನೆಗೆ ಬಂದು ಕಾಲಿಗೆರಗಿದಳು. ಅವಳ ಅಂಗೈ ತುಂಬ ಜಡ್ಡುಗಟ್ಟಿದ ಚರ್ಮ. ಯಾವ ಋಷಿಯ ತಪಸ್ಸಿಗೂ ಅದು ಕಡಿಮೆಯಲ್ಲವೆನಿಸಿತು. ನಾನು ನಾಚಿಕೆಯಿಂದ ಕ್ಷಮೆ ಕೇಳಲು ಬಾಯಿ ತೆರೆದೆ.

"ಅಯ್ಯೋ, ಬುಡಿ ಸಾರ್! ಮೊದಲ್ನೇ ದಿನ ಸಂಜೆ ನಾನು ಬ್ಯಾಗ್ ಕಟ್ಟಿ ಕೂತಿದ್ದೆ. ಕೈ ನೋವು ಅಂತೇಳಿ ಬಿಟ್ಟೋಗ್ಬುಡಾಣ ಅಂತಿದ್ದೆ. ಆಗ ನೀವು ಫೋನ್ ಮಾಡಿ ಎಲ್ಲರನ್ನೂ ಮೀರಿಸ್ಬುಟ್ಟೆ ಅಂದ್ರಲ್ಲ? ಫೋನ್ ಇಟ್ಟು ಒಂದೇ ಸಮ ನಕ್ಕೆ. ಅಷ್ಟು ಕೆಟ್ಟದಾಗಿ ಆಡಿದ್ರೂ ಪಾಯಸ ಹಂಚೋರು ಒಬ್ರಿದ್ದಾರೆ ಅಂದ್ಮೇಲೆ ಭಯ ಯಾಕೆ ಅನ್ನಿಸ್ತು. ಬ್ಯಾಗ್ ಬಿಚ್ಚಿದೆ."

ನಾನು ಮೆಲ್ಲನೆ ಕೇಳಿದೆ. "ಆ ಶ್ಲೋಕದ ಪ್ರಭಾವವೂ ಸ್ವಲ್ಪ..."

"ಶ್ಲೋಕ ಹೇಳುವಾಗ ಸಿಗ್ನಲ್ ಇರ್ಲಿಲ್ಲ ಸಾರ್."

ಅಷ್ಟರಲ್ಲಿ ಮೇಜಿನ ಮೇಲಿದ್ದ ಗಾಲ್ಫ್ ನಿಯಮಗಳ ಪುಸ್ತಕ ಅವಳ ಕಣ್ಣಿಗೆ ಬಿತ್ತು. ಪ್ರಾಯಶ್ಚಿತ್ತವಾಗಿ ನಾನು ನಿನ್ನೆಯಿಂದ ಅಧ್ಯಯನ ಆರಂಭಿಸಿದ್ದೆ. ಭಾಗ್ಯ ಅದನ್ನು ಮೆತ್ತಗೆ ಎತ್ತಿ ತನ್ನ ಚೀಲಕ್ಕೆ ಹಾಕಿಕೊಂಡು ಕೈಮುಗಿದಳು.

"ಬೇರೆ ಏನು ಬೇಕಾದ್ರೂ ಓದಿ ಸಾರ್. ದಯವಿಟ್ಟು ಇದೊಂದು ಮಾತ್ರ ಕಲೀಬೇಡಿ. ಮುಂದಿನ ವರ್ಷವೂ ನಂಗೆ ಬೇಕಾಗುತ್ತೆ."

ಜೀವಮಾನವೆಲ್ಲ ಜ್ಞಾನ ಹಂಚಿದೆನೆಂದು ಬೀಗಿದ್ದೆ. ಕಡೆಗೂ ಒಬ್ಬ ಶಿಷ್ಯೆಗೆ ಉಪಯೋಗಕ್ಕೆ ಬಂದದ್ದು ನನ್ನ ಅಜ್ಞಾನ!

ಒಳಗಿನಿಂದ ಶಾರದೆಯ ದನಿ ಬಂತು. "ಯೋಚನೆ ಮಾಡಬೇಡಮ್ಮ ಭಾಗ್ಯ, ಅದು ನಮ್ಮನೇಲಿ ಅಕ್ಷಯ!"