ಗೊಂಬೆ ಕೂರಿಸಿದ ಮನೆಗೆ ವೈಫೈ ಅಡಾಪ್ಟರ್

ಆರಿಸುವ ವಿಷಯದಲ್ಲಿ ನನ್ನ ಕಣ್ಣು ಚೆನ್ನಾಗಿದೆ ಎಂದು ನಮ್ಮ ಬಳಗದವರೆಲ್ಲ ಒಪ್ಪುತ್ತಾರೆ. ನಾದಿನಿಯ ಮದುವೆಗೆ ಧಾರೆ ಸೀರೆಯಿಂದ ತಾಂಬೂಲದ ಚೀಲದವರೆಗೆ ಆರಿಸಿದವಳು ನಾನೇ. ಬದನೆಕಾಯಿಯ ತೊಟ್ಟು ನೋಡಿಯೇ ಒಳಗೆ ಹುಳುವಿದೆಯೋ ಇಲ್ಲವೋ ಹೇಳಬಲ್ಲೆ. ಆದ್ದರಿಂದ ನವರಾತ್ರಿಯ ಒಂದು ಬೆಳಿಗ್ಗೆ ಮಗಳು ಮೇಘನಾ ಯುಎಸ್‌ಬಿ ವೈಫೈ ಅಡಾಪ್ಟರ್ ಬೇಕೆಂದಾಗ, "ನಾನು ತರ್ತೀನಿ ಬಿಡು" ಎಂದುಬಿಟ್ಟೆ.

ಮೇಘನಾ ಎಂಜಿನಿಯರಿಂಗ್ ಓದುತ್ತಿದ್ದಾಳೆ. ಅವಳ ಹತ್ತಿರ ಅಂಗೈಯಗಲದ ಕಂಪ್ಯೂಟರೊಂದಿದೆ. ಅದರಲ್ಲೇ ಪರದೆ, ಅದರಲ್ಲೇ ಪುಟಾಣಿ ಕೀಬೋರ್ಡ್, ಒಳಗೆ ಲಿನಕ್ಸ್. ಹೊರಗಿನ ಡಬ್ಬಿ ಗಿಳಿಹಸಿರು ಬಣ್ಣದ್ದು. ಅದರಲ್ಲಿ ತಯಾರಿಸಿದ ಪ್ರಾಜೆಕ್ಟನ್ನು ಅಂದೇ ಸಂಜೆಯೊಳಗೆ ಕಾಲೇಜಿನ ಸೈಟಿಗೆ ಕಳುಹಿಸಬೇಕಿತ್ತು. ತಪ್ಪಿದರೆ ಆ ವಿಷಯದಲ್ಲಿ ಫೇಲು.

"ಇದರೊಳಗಿನ ವೈಫೈ ತುಂಬಾ ವೀಕು ಅಮ್ಮ. ಹಬ್ಬ ಶುರುವಾದಾಗಿಂದ ನಮ್ಮನೆ ನೆಟ್‌ವರ್ಕೇ ಹಿಡೀತಿಲ್ಲ. ಹೊರಗಡೆ ಒಂದು ಅಡಾಪ್ಟರ್ ಹಾಕಿದ್ರೆ ಹಿಡಿಯತ್ತೆ."

"ನಮ್ಮಿಬ್ಬರ ಫೋನಲ್ಲಂತೂ ಡೇಟಾ ಇಲ್ಲ. ಅಪ್ಪನ ಫೋನಿಂದ ನೆಟ್ ತಗೋಬಾರದಾ?"

ಪೇಪರಿನ ಹಿಂದಿನಿಂದ ನಮ್ಮ ಯಜಮಾನರು ಹೇಳಿದರು: "ನನ್ನ ಡೇಟಾ ಈಗೀಗ ಎರಡನೇ ಕಾಫಿ ಹೊತ್ತಿಗೇ ಖಾಲಿ. ಯಾಕೋ ಗೊತ್ತಾಗ್ತಿಲ್ಲ."

"ಬೆಳಿಗ್ಗೆ ಎದ್ದ ತಕ್ಷಣ ವಿಡಿಯೋ ನೋಡ್ತಾ ಕೂತ್ರೆ ಇನ್ನೇನಾಗತ್ತೆ?" ಎಂದೆ. ಆ ಕುರಿತ ತನಿಖೆ ಅಲ್ಲಿಗೆ ಮುಕ್ತಾಯವಾಯಿತು.

ಹೊರಡುವ ಮುನ್ನ ಹಾಲಿನಲ್ಲಿ ಕೂರಿಸಿದ್ದ ಗೊಂಬೆಗಳಿಗೆ ಕೈ ಮುಗಿದೆ. ಆ ವರ್ಷ ಜೋಡಣೆ ಬಹಳ ಸೊಗಸಾಗಿ ಬಂದಿತ್ತು. ಟ್ರಂಕು, ಡಬ್ಬಿಗಳ ಮೇಲೆ ಬಿಳಿ ಪಂಚೆ ಹೊದಿಸಿ ಮೆಟ್ಟಿಲು ಕಟ್ಟಿದ್ದೆ. ಆ ಮೂಲೆಯಲ್ಲಿ ಕಣ್ಣಿಗೆ ಅಸಹ್ಯವಾಗುವ ಒಂದೇ ಒಂದು ವಸ್ತುವೂ ಕಾಣದಂತೆ ಮಾಡಿದ್ದೆ.

ಜಯನಗರ ನಾಲ್ಕನೇ ಬ್ಲಾಕಿನ ಅಂಗಡಿಯಾತ ಗಾಜಿನ ಮೇಲೆ ಏಳೆಂಟು ಅಡಾಪ್ಟರ್ ಹರಡಿದ. ಮೇಘನಾ ಹೇಳಿಕೊಟ್ಟಂತೆ, "ಇದರೊಳಗಿನ ಚಿಪ್ ಯಾವುದು?" ಎಂದು ಕೇಳಿದೆ.

"ಚಿಪ್ ಒಳಗಿರತ್ತೆ ಮೇಡಂ. ಹೊರಗಿಂದ ಹೆಂಗೆ ತೋರಿಸ್ಲಿ?"

ನ್ಯಾಯವಾದ ಮಾತು. "ಲಿನಕ್ಸ್‌ಗೆ ಆಗತ್ತಾ?"

"ಎಲ್ಲಾದಕ್ಕೂ ಆಗತ್ತೆ ಮೇಡಂ."

ಕಾನ್ವೆಂಟಿನಲ್ಲಿ ಸಿಸ್ಟರ್ ಕಲಿಸಿದ್ದ ಉಚ್ಚಾರಣೆಯಲ್ಲಿ ಪ್ಯಾಕೆಟ್ಟಿನ ಇಂಗ್ಲಿಷನ್ನೆಲ್ಲ ಸ್ಪಷ್ಟವಾಗಿ ಓದಿದೆ. ಪೂರ್ಣವಿರಾಮ ಬಂದಲ್ಲಿ ನಿಂತೆ. ಅರ್ಥ ಮಾತ್ರ ಒಂದಿಷ್ಟೂ ಆಗಲಿಲ್ಲ. ಕೊನೆಗೆ ನನಗೆ ಗೊತ್ತಿದ್ದ ಶಾಸ್ತ್ರವನ್ನೇ ಪ್ರಯೋಗಿಸಿದೆ. ಮೊಬೈಲಿನಲ್ಲಿದ್ದ ಕಂಪ್ಯೂಟರಿನ ಫೋಟೋ ಪಕ್ಕದಲ್ಲಿಟ್ಟು, ಅಡಾಪ್ಟರುಗಳನ್ನು ಬಾಗಿಲ ಬೆಳಕಿಗೆ ಹಿಡಿದು, ಮ್ಯಾಚಿಂಗ್ ಸೆಂಟರಿನಲ್ಲಿ ಬ್ಲೌಸ್ ಪೀಸ್ ನೋಡುವ ಹಾಗೆ ನೋಡಿದೆ. ಒಂದು ಪುಟ್ಟ ಗಿಳಿಹಸಿರು ಅಡಾಪ್ಟರ್ ಹೇಳಿ ಮಾಡಿಸಿದಂತೆ ಹೊಂದಿತು.

ಮನೆಯಲ್ಲಿ ಮೇಘನಾ ಅದನ್ನು ಸಿಕ್ಕಿಸಿದಳು. ಏನೂ ಆಗಲಿಲ್ಲ.

"ಇದಕ್ಕೆ ಬೇರೆ ಸಾಫ್ಟ್‌ವೇರ್ ಹಾಕ್ಬೇಕಂತೆ."

"ಹಾಕು ಮತ್ತೆ."

"ಅದನ್ನ ನೆಟ್ಟಿಂದ ಡೌನ್‌ಲೋಡ್ ಮಾಡ್ಬೇಕಮ್ಮ."

ಬೀಗದ ಕೈಯನ್ನು ಮನೆಯೊಳಗಿಟ್ಟು ಬಾಗಿಲು ಎಳೆದುಕೊಂಡ ಅನುಭವ ನನಗೆ ಬೇಕಾದಷ್ಟಿದೆ. ಇದು ಅದೇ ಜಾತಿಯ ಸಮಸ್ಯೆ ಎಂದು ತಕ್ಷಣ ಅರ್ಥವಾಯಿತು. "ಕಲರ್ ಹೆಂಗಿದೆ ಹೇಳು" ಎಂದೆ. ಅವಳು ಅದನ್ನು ಕಿತ್ತು ನನ್ನ ಕೈಗೇ ಕೊಟ್ಟಳು.

ಮತ್ತೆ ಆಟೋ, ಮತ್ತೆ ಅದೇ ಅಂಗಡಿ. "ಪ್ಯಾಕೆಟ್ ಓಪನ್ ಮಾಡಿದ್ರೆ ವಾಪಸ್ ಇಲ್ಲ ಮೇಡಂ" ಎಂದ. ಈ ಬಾರಿ ಮೇಘನಾ ಚಿಪ್ಪಿನ ಹೆಸರನ್ನೇ ನನ್ನ ಮೊಬೈಲಿಗೆ ಎಸ್ಸೆಮ್ಮೆಸ್ ಮಾಡಿದ್ದಳು. ತೋರಿಸಿದೆ. ಆತ ಮೇಲಿನ ಅಟ್ಟದಿಂದ ಒಂದನ್ನು ತೆಗೆದುಕೊಟ್ಟ. ಕಡುಗಪ್ಪು ಬಣ್ಣ, ಎರಡು ಉದ್ದನೆಯ ಕೊಂಬು. ನಾನಾಗಿದ್ದರೆ ಹೊಸಿಲು ದಾಟಿಸುತ್ತಿರಲಿಲ್ಲ.

ಆದರೆ ಸಿಕ್ಕಿಸಿದ ಕೂಡಲೇ ಅದರ ನೀಲಿ ದೀಪ ಮಿನುಗಿತು. ಪರದೆಯ ಮೇಲೆ ಬೀದಿಯ ವೈಫೈಗಳೆಲ್ಲ ಸಾಲಾಗಿ ಬಂದವು. ಮೇಲಿನ ಮನೆಯ ಡಾಕ್ಟರದ್ದು, ಪಕ್ಕದ ಮನೆ ಗಿರಿಜಕ್ಕನದ್ದು, ಎದುರಿನ ಪಿ.ಜಿ.ಯದ್ದು. ನಮ್ಮದೊಂದನ್ನು ಬಿಟ್ಟು.

ಮೇಘನಾ ನಿಧಾನವಾಗಿ ತಲೆಯೆತ್ತಿದಳು. "ಅಮ್ಮ, ನಮ್ಮ ವೈಫೈ ಬಾಕ್ಸ್ ಎಲ್ಲಿ?"

"ಅಲ್ಲೇ ಇದೆ. ಗೊಂಬೆ ಕೆಳಗೆ."

"ಕೆಳಗೆ ಅಂದ್ರೆ?"

"ಟ್ರಂಕಲ್ಲಿ."

"ಯಾವ ಟ್ರಂಕು?"

"ಕಬ್ಬಿಣದ್ದು ಕಣೇ, ಅಜ್ಜೀದು. ತುಕ್ಕು ಹಿಡಿದಿರೋ ತೂತಲ್ಲಿ ವೈರ್ ತೂರಿಸಿ, ಆನ್ ಮಾಡೇ ಇಟ್ಟಿದೀನಿ. ಸೇಫಾಗಿದೆ, ಬೀಗಾನೂ ಹಾಕಿದೀನಿ."

ಯಜಮಾನರು ಪೇಪರ್ ಮಡಚಿ ಎದ್ದು ನಿಂತರು. "ಹಾಗಾದ್ರೆ ನನ್ನ ಡೇಟಾ!" ಎಂದರು. ಮುಚ್ಚಿಹೋಗಿದ್ದ ತನಿಖೆ ಮತ್ತೆ ತೆರೆಯಿತು.

ಟ್ರಂಕ್ ತೆರೆಯುವ ಹಾಗಿರಲಿಲ್ಲ. ಅದರ ಮೇಲೆ ಮೆಟ್ಟಿಲು, ಮೆಟ್ಟಿಲ ಮೇಲೆ ಪಟ್ಟದ ಗೊಂಬೆಗಳು. ವಿಜಯದಶಮಿಯವರೆಗೆ ಅವನ್ನು ಕದಲಿಸುವಂತಿಲ್ಲ. ಕೊನೆಗೆ ಮೇಘನಾ ಗೋಡೆಗೂ ಮೆಟ್ಟಿಲಿಗೂ ನಡುವೆ ನುಸುಳಿ, ಆ ತೂತಿನ ಎದುರು ಕಂಪ್ಯೂಟರ್ ಹಿಡಿದು ಕುಳಿತಳು. ಅಡಾಪ್ಟರನ್ನು ಅಲ್ಲಿಗೆ ಒಯ್ಯಲು ಜಾಗವಿರಲಿಲ್ಲ, ಬಿಚ್ಚಿ ನನ್ನ ಕೈಗಿತ್ತಳು. ತೂತಿನ ಹತ್ತಿರ ಆ ವೀಕ್ ವೈಫೈಯೇ ಧಾರಾಳವಾಗಿ ಸಾಕಾಯಿತು.

ಅಷ್ಟರಲ್ಲಿ ಬಾಗಿಲ ಬೆಲ್ ಸದ್ದಾಯಿತು. ಅರಿಶಿನ ಕುಂಕುಮಕ್ಕೆ ಗಿರಿಜಕ್ಕ ಬಂದಿದ್ದರು. ಗಡಿಬಿಡಿಯಲ್ಲಿ ಕೈಯಲ್ಲಿದ್ದ ಅಡಾಪ್ಟರನ್ನು ಮೆಟ್ಟಿಲ ಮೇಲಿದ್ದ ಶೆಟ್ಟರ ಗೊಂಬೆಯ ಪುಟಾಣಿ ಅಂಗಡಿಯ ಪಕ್ಕ ಇಟ್ಟುಬಿಟ್ಟೆ. ಗಿರಿಜಕ್ಕ ಕುಳಿತು, ಕಣ್ಣು ಮುಚ್ಚಿ, ದೇವಿಯ ಹಾಡು ಶುರು ಮಾಡಿದರು. ಎರಡನೇ ನುಡಿಯ ಹೊತ್ತಿಗೆ ಪಟ್ಟದ ಗೊಂಬೆಗಳ ಹಿಂದಿನಿಂದ ಗಂಭೀರವಾದ ದನಿಯೊಂದು ಕೇಳಿಸಿತು.

"ಎಂಬತ್ತು ಪರ್ಸೆಂಟು."

ಗಿರಿಜಕ್ಕ ಕಣ್ಣು ಬಿಟ್ಟರು. "ಯಾರ್ರೀ ಅದು?"

"ಮೇಘನಾ. ಅದೇನೋ ಕಾಲೇಜಿಂದು" ಎಂದೆ.

"ಹೋಯ್ತಮ್ಮಾ!" ಎಂದಳು ಒಳಗಿನಿಂದ. ಪ್ರಾಜೆಕ್ಟ್ ಕಾಲೇಜು ತಲುಪಿತ್ತು. ನನ್ನ ಮರ್ಯಾದೆಯೊಂದು ಮಾತ್ರ ಗಿರಿಜಕ್ಕನ ಎದುರು ಇನ್ನೂ ತೂಗಾಡುತ್ತಿತ್ತು.

ಗಿರಿಜಕ್ಕ ಕುಂಕುಮ ಇಟ್ಟುಕೊಂಡು ಗೊಂಬೆಗಳನ್ನು ಒಂದೊಂದಾಗಿ ನೋಡಿದರು. "ಈ ಸಲದ ಹೊಸ ಗೊಂಬೆ ಯಾವುದು? ಓ, ಶೆಟ್ಟರ ಅಂಗಡಿಗೆ ಮೊಬೈಲ್ ಟವರ್ರು! ನೀಟಾಗಿದೆ ಕಣ್ರೀ. ಎಲ್ಲಿ ಹುಡುಕ್ತೀರಿ ಇಂಥದ್ದೆಲ್ಲ?"

"ನಾಲ್ಕನೇ ಬ್ಲಾಕಲ್ಲಿ" ಎಂದೆ.

ಮೆಟ್ಟಿಲ ಹಿಂದಿನಿಂದ ತಲೆ ತುಂಬ ಧೂಳಿನೊಂದಿಗೆ ಹೊರಬಂದ ಮೇಘನಾ, "ಎಲ್ಲಾ ಅಮ್ಮಂದೇ ಸೆಲೆಕ್ಷನ್ನು ಆಂಟಿ" ಎಂದಳು.

"ನಮ್ಮನೆ ಗೊಂಬೆಗೂ ಇಂಥದ್ದೊಂದು ಆರಿಸಿಕೊಡ್ರೀ" ಎಂದರು ಗಿರಿಜಕ್ಕ.

ಅವರ ಮನೆಯ ಪಟ್ಟದ ರಾಣಿಯ ಸೀರೆ ಗಿಳಿಹಸಿರು. ಹಾಗಾಗಿ ಆ ಮೊದಲನೆಯ ಅಡಾಪ್ಟರನ್ನು ತೆಂಗಿನಕಾಯಿಯ ಜೊತೆಗೆ ಅವರ ತಾಂಬೂಲದ ಚೀಲಕ್ಕೆ ಹಾಕಿದೆ. ಸಾಫ್ಟ್‌ವೇರ್ ಇಲ್ಲದೆಯೂ ಅದು ಕೆಲಸಕ್ಕೆ ಬರುವ ಏಕೈಕ ಮನೆ ಕೊನೆಗೂ ಸಿಕ್ಕಿತು.