ಭಾವನ ಕ್ಯಾಮೆರಾಗೆ ನನ್ನ ಹೆಗಲು

ನಮ್ಮ ಭಾವನಷ್ಟು ಕತ್ತಲೆಯನ್ನು ಫೋಟೊ ಹಿಡಿದವರು ರಾಜಾಜಿನಗರದಿಂದ ಕೆಂಗೇರಿವರೆಗೆ ಹುಡುಕಿದರೂ ಸಿಗಲಿಕ್ಕಿಲ್ಲ. ಅವರು ತೆಗೆಯುವುದು ಬಯಲಿನಲ್ಲಿ ನಡೆಯುವ ಸಂಗೀತ ಕಛೇರಿಗಳ ಫೋಟೊ. ಹಾಗೆಂದು ಅವರು ಹೇಳುತ್ತಾರೆ, ನಾವು ನಂಬುತ್ತೇವೆ. ರಾಮನವಮಿಯ ಚಪ್ಪರವೋ, ಗಣೇಶನ ಪೆಂಡಾಲೋ, ರಾಜ್ಯೋತ್ಸವದ ಆರ್ಕೆಸ್ಟ್ರಾವೋ, ಎಲ್ಲಿ ಮೈಕ್ ಕೂಗಿದರೂ ಸಂಜೆ ಇವರ ಸ್ಕೂಟರ್ ಹೊರಟಿತೆಂದೇ ತಿಳಿಯಿರಿ. ವೃತ್ತಿಯಲ್ಲಿ ಪಿಯುಸಿ ಮಕ್ಕಳಿಗೆ ಭೌತಶಾಸ್ತ್ರದ ಮೇಷ್ಟ್ರು. ಬೆಳಕಿನ ಅಧ್ಯಾಯವನ್ನು ಅವರಷ್ಟು ಚೆನ್ನಾಗಿ ಪಾಠ ಮಾಡುವವರೇ ಇಲ್ಲವಂತೆ!

ಫ್ಲ್ಯಾಶ್ ಹಾಕಿದರೆ ಮುಗಿಯಿತಲ್ಲ ಎಂದು ನೀವು ಕೇಳಬಹುದು. ನಾನೂ ಕೇಳಿದ್ದೆ. “ಹಾಡ್ತಾ ಇರೋರ ಕಣ್ಣಿಗೆ ಫ್ಲ್ಯಾಶ್ ಹೊಡೆಯೋದೂ ಒಂದೇ, ಊಟಕ್ಕೆ ಕೂತೋರ ಎಲೆಗೆ ಮಣ್ಣು ಹಾಕೋದೂ ಒಂದೇ ಕಣೋ” ಎಂದರು. ಸ್ಟ್ಯಾಂಡ್ ಕೂಡ ಬೇಡ, ಅಜ್ಜಿಯಂದಿರು ಎಡವಿ ಬೀಳುತ್ತಾರಂತೆ. ಹಾಗಾದರೆ ಕೈ ಅಲುಗದಂತೆ ಏನು ಮಾಡುತ್ತಾರೆ? ಮುಂದೆ ಕೂತವರ ಹೆಗಲ ಮೇಲೆ ಕ್ಯಾಮೆರಾ ಇಟ್ಟು, “ಸಾರ್, ಒಂದ್ನಿಮಿಷ ಉಸಿರು ಬಿಗಿ ಹಿಡೀತೀರಾ?” ಎನ್ನುತ್ತಾರೆ. ಸುಂಕದಕಟ್ಟೆಯಲ್ಲಿ ಒಬ್ಬ ಹಿರಿಯರು ಪಾಪ, ಹಿಡಿದ ಉಸಿರು ಹಿಡಿದೇ ಕೂತುಬಿಟ್ಟರು. ಬಿಡಿ ಎಂದು ಹೇಳುವುದನ್ನು ಭಾವ ಮರೆತಿದ್ದರು! ನೀರು ಕುಡಿಸಿ ಸುಧಾರಿಸಬೇಕಾಯಿತು. ಅಂದಿನಿಂದ ಹೆಗಲು ಒದಗಿಸುವ ಕೆಲಸ ನನ್ನ ಪಾಲಿಗೆ ಬಂತು.

ಮಬ್ಬು ಬೆಳಕಿನಲ್ಲಿ ಕ್ಯಾಮೆರಾ ಹೆಚ್ಚು ಹೊತ್ತು ಕಣ್ಣು ತೆರೆದಿರಬೇಕು. ಅಷ್ಟರಲ್ಲಿ ಕಲಾವಿದರು ಅಲುಗಿದರೆ ಎಲ್ಲ ಕಲಸಿಹೋಗುತ್ತದೆ. ಭಾವನ ಸಂಗ್ರಹದಲ್ಲಿ ಎಂಟು ಕೈಯ ಮೃದಂಗದವರಿದ್ದಾರೆ, ಮೂಗೇ ಇಲ್ಲದ ಪಿಟೀಲಿನವರಿದ್ದಾರೆ. ಕೊನೆಗೆ ಅವರೊಂದು ಉಪಾಯ ಕಂಡುಕೊಂಡರು. ಗಾಯಕರು ಒಂದೇ ಸ್ವರದ ಮೇಲೆ ದೀರ್ಘವಾಗಿ ನಿಂತಾಗ ಅವರ ಮೈಯೂ ಅಲುಗುವುದಿಲ್ಲ, ಆಗ ಕ್ಲಿಕ್ಕಿಸುವುದು. ಉಪಾಯವೇನೋ ಫಲಿಸಿತು. ಆದರೆ ಎಲ್ಲರೂ ಬಾಯಿ ಪೂರ್ತಿ ತೆರೆದಾಗಲೇ ಸಿಕ್ಕಿಬಿದ್ದರು! ಮಲ್ಲತ್ತಹಳ್ಳಿಯ ಗಾಯಕಿಯೊಬ್ಬರು ಪೋಸ್ಟರಿಗೆಂದು ಫೋಟೊ ಕೇಳಿ ಪಡೆದು, ನೋಡಿ, ಹಾಗೇ ವಾಪಸ್ ಕೊಟ್ಟರು. “ಸಾರ್, ಇದನ್ನ ಯಾರಾದ್ರೂ ಹಲ್ಲಿನ ಡಾಕ್ಟರಿಗೆ ಕೊಡಿ” ಎಂದರಂತೆ.

ಅಕ್ಕನಂತೂ, “ಕತ್ತಲೆ ಫೋಟೊ ತೆಗೆಯೋಕೆ ಅಷ್ಟು ದೂರ ಯಾಕ್ರೀ? ನಮ್ಮನೆ ಅಟ್ಟ ಇಲ್ವಾ?” ಎಂದು ಗಂಡನನ್ನು ದಿನಾ ಛೇಡಿಸುತ್ತಿದ್ದಳು. ಹೋದ ವರ್ಷ ಆ ಕೀಟಲೆ ನಿಂತುಹೋಯಿತು. ಥೈರಾಯ್ಡ್ ಆಪರೇಷನ್ ಆದ ಮೇಲೆ ಅವಳ ಧ್ವನಿಯೇ ಹೊರಡದಾಯಿತು. ಕೇರಿಯ ಮಕ್ಕಳಿಗೆಲ್ಲ ಸಂಗೀತ ಹೇಳಿಕೊಟ್ಟವಳು, ಕಾಫಿ ಬೇಕಾ ಎಂದು ಚೀಟಿಯಲ್ಲಿ ಬರೆದು ಕೇಳುತ್ತಿದ್ದಳು. ಆ ವರ್ಷ ಭಾವನ ಸ್ಕೂಟರ್ ಯಾವ ಪೆಂಡಾಲಿನತ್ತಲೂ ಹೋಗಲಿಲ್ಲ. “ಬೈಯೋರಿಲ್ದೆ ಹೋಗೋದ್ರಲ್ಲಿ ಏನ್ ಮಜಾ ಇದೆ?” ಎಂದರು.

ಮೆಲ್ಲಮೆಲ್ಲಗೆ ಮಾತು ಮರಳಿತು, ಆಮೇಲೆ ಹಾಡೂ. ಮೇಲಿನ ಷಡ್ಜಕ್ಕೆ ಹೋದರೆ ಮಾತ್ರ ಧ್ವನಿ ಒಡೆಯುತ್ತಿತ್ತು. ಆದರೂ ಈ ರಾಮನವಮಿಗೆ ಚಂದ್ರಾ ಲೇಔಟಿನ ಚಪ್ಪರದಲ್ಲಿ, ದೊಡ್ಡ ಕಛೇರಿಗೆ ಮುಂಚೆ ಒಂದು ಕೀರ್ತನೆ ಹಾಡುತ್ತೇನೆಂದು ಅವಳೇ ಹೆಸರು ಕೊಟ್ಟಳು. ಭಾವನಿಗೆ ಒಂದೇ ಷರತ್ತು. “ಎದುರಿಗೆ ಕೂತು ಮುಖ ಸಣ್ಣ ಮಾಡ್ಕೋಬೇಡಿ. ನಿಮ್ಮ ಮುಖ ನೋಡಿದ್ರೆ ನನ್ ಗಂಟಲು ಕಟ್ಟುತ್ತೆ.”

ಎರಡನೇ ಸಾಲಿನಲ್ಲಿ ನಾನು, ನನ್ನ ಹೆಗಲ ಮೇಲೆ ಕ್ಯಾಮೆರಾ, ಅದರ ಹಿಂದೆ ಭಾವ. ಅಕ್ಕ ಶುರು ಮಾಡಿದಳು. ಅನುಪಲ್ಲವಿಯಲ್ಲಿ ಧ್ವನಿ ಮೇಲೇರತೊಡಗಿದಾಗ, ಯಾರೂ ಹೇಳದೆಯೇ ನಾನು ಉಸಿರು ಬಿಗಿಹಿಡಿದೆ. ಅವಳು ಷಡ್ಜ ಮುಟ್ಟಿದಳು. ಅಲ್ಲೇ ನಿಂತಳು. ಧ್ವನಿ ಒಡೆಯಲಿಲ್ಲ. ಪಿಟೀಲಿನವರು ತಲೆದೂಗಿದರು. ನನಗೆ ಹೋದ ಜೀವ ಬಂದಂತಾಯಿತು.

ಕ್ಲಿಕ್ ಎಂಬ ಸದ್ದು ಮಾತ್ರ ಕೇಳಿಸಲಿಲ್ಲ. ಕ್ಯಾಮೆರಾ ನನ್ನ ಹೆಗಲ ಮೇಲೆ ಗಡಗಡ ನಡುಗುತ್ತಿತ್ತು. ಓರೆಗಣ್ಣಿನಿಂದ ನೋಡಿದೆ. ಲೆನ್ಸಿನ ಮುಚ್ಚಳ ಹಾಕಿದ್ದು ಹಾಕಿದಂತೆಯೇ ಇತ್ತು.

“ಭಾವ, ಮುಚ್ಚಳ ತೆಗೆದಿಲ್ಲ” ಎಂದು ಪಿಸುಗುಟ್ಟಿದೆ.

“ಗೊತ್ತು ಕಣೋ. ನನ್ ಮುಖ ಅವಳಿಗೆ ಕಾಣಬಾರ್ದು. ಹಾಡಿ ಮುಗಿಸೋವರೆಗೂ ಅಲ್ಲಾಡ್ಬೇಡ.”

ಅವರ ಕಣ್ಣೀರು ನನ್ನ ಅಂಗಿಯ ಮೇಲೆ ಬೀಳುತ್ತಿತ್ತು. ನಾನು ಅಲ್ಲಾಡಲಿಲ್ಲ.