ಚಿಮಣಿಗೆ ಬಿದ್ದ ಎರಡು ಕಿಲೋ

ಈ ಸಲ ನಮ್ಮ ಮನೆಯ ಚಿಮಣಿಯಲ್ಲಿ ಚಿಮಣಿ ಗುಡಿಸುವವಳಿಗೆ ಒಂದು ಚಿಟಿಕೆ ಮಸಿಯೂ ಸಿಗಬಾರದು! ಹಾಗಂತ ನಾನು, ಅಳತೆ ಮತ್ತು ತೂಕ ಇಲಾಖೆಯ ನಿವೃತ್ತ ಇನ್ಸ್‌ಪೆಕ್ಟರ್ ಗೆಬ್‌ಹಾರ್ಟ್ ಐಸೆಲೆ, ಗುರುವಾರ ಸಂಜೆ ಸೂಪಿನ ಚಮಚವನ್ನು ಕತ್ತಿಯಂತೆ ಎತ್ತಿ ಹಿಡಿದು ಘೋಷಿಸಿದೆ.

"ಗುಡಿಸೋಕೆ ಬರೋವ್ಳಿಗೆ ಮಸಿ ಸಿಗಬಾರ್ದು ಅಂದ್ರೆ, ಅವಳು ಬಂದು ಏನು ಮಾಡ್ಬೇಕು? ಭಜನೆನಾ?" ಎಂದಳು ನನ್ನ ಹೆಂಡತಿ ಹಿಲ್ಟ್ರೂಟ್.

ಈ ಪ್ರಶ್ನೆ ಅವಳ ಬಾಯಲ್ಲಿ ಬರಬಾರದಿತ್ತು. ಮನೆ ಒರೆಸುವ ಹೆಂಗಸು ಬರುವ ಹಿಂದಿನ ದಿನ ಇಡೀ ಮನೆ ಒರೆಸುವವಳು ಇವಳೇ! ಜರ್ಮನಿಯ ಉಳಿದ ಜನ ದೇವರಿಗೆ ಹೆದರಬಹುದು. ಶ್ವಾಬಿಯಾ ಸೀಮೆಯ ನಾವು ಹೆದರುವುದು ಕೊಳೆಗೆ, ಅದಕ್ಕಿಂತ ಹೆಚ್ಚಾಗಿ ಕೊಳೆಯನ್ನು ನೋಡುವವರಿಗೆ. ಚಿಮಣಿ ಗುಡಿಸುವವಳು ಊರಿನ ಎಲ್ಲರ ಮನೆಯ ಹೊಟ್ಟೆಯೊಳಗೆ ಇಣುಕುವವಳು. ಕಾನೂನೇ ಅವಳನ್ನು ಒಳಗೆ ಬಿಡುತ್ತದೆ. ಬರುವ ಮೊದಲು ಬಾಗಿಲಿಗೆ ಚೀಟಿ ಅಂಟಿಸುತ್ತಾಳೆ: 'ಶುಕ್ರವಾರ ಹನ್ನೊಂದೂವರೆಗೆ ಬರುತ್ತೇನೆ. ಮನೆಯಲ್ಲಿರಿ.' ದಯವಿಟ್ಟು ಗಿಯವಿಟ್ಟು ಏನಿಲ್ಲ.

ಹಿಂದಿನವನು ನನ್ನ ಇಸ್ಪೀಟು ಗೆಳೆಯ. ಬರುತ್ತಿದ್ದ, ಒಲೆಯ ಬಾಗಿಲು ತೆರೆದು 'ಹ್ಞೂಂ' ಎನ್ನುತ್ತಿದ್ದ, ಕಾಫಿ ಕುಡಿದು ಹೋಗುತ್ತಿದ್ದ. ಈಗ ಬಂದಿರುವವಳು ಕಾತ್ರಿನ್ ಬೈಲ್. ಮಾಂಸದಂಗಡಿಯ ಬೈಲನ ಮಗಳು.

"ಆರು ಗ್ರಾಂ ನೆನಪಿದೆಯಾ?" ಎಂದಳು ಹಿಲ್ಟ್ರೂಟ್, ತಟ್ಟೆ ಎತ್ತುತ್ತಾ.

ನೆನಪಿರದೆ ಏನು! ಹದಿನೈದು ವರ್ಷದ ಹಿಂದೆ, ಕ್ರಿಸ್‌ಮಸ್ಸಿಗೆ ಒಂದು ದಿನ ಮುಂಚೆ, ನಾನು ಬೈಲನ ತಕ್ಕಡಿ ಪರೀಕ್ಷಿಸಿದೆ. ಅದು ಆರು ಗ್ರಾಂ ತಪ್ಪು ತೋರಿಸಿತು. ಅದೂ ಗಿರಾಕಿಗಳಿಗೆ ಆರು ಗ್ರಾಂ ಜಾಸ್ತಿ ಹೋಗುವ ಹಾಗೆ! ತಪ್ಪು ಯಾವ ಕಡೆಗಾದರೇನು, ತಪ್ಪು ತಪ್ಪೇ. ಹಬ್ಬದ ಬಾತುಕೋಳಿಗೆಂದು ನಲವತ್ತು ಜನ ಸಾಲಿನಲ್ಲಿ ನಿಂತಿರುವಾಗಲೇ ತಕ್ಕಡಿಗೆ 'ಬಳಸಕೂಡದು' ಎಂಬ ಕೆಂಪು ಮುದ್ರೆ ಜಡಿದೆ. "ಕಾನೂನು ಅಂದ್ರೆ ಕಾನೂನು ಬೈಲ್, ನಾನೇನೂ ಮಾಡೋ ಹಾಗಿಲ್ಲ" ಎಂದೆ. ಆ ವಾಕ್ಯ ಆಗ ನನಗೆ ಬಹಳ ಘನವಾಗಿ ಕೇಳಿಸಿತ್ತು.

ಈಗ ಅಂಥದ್ದೇ ಕೆಂಪು ಮುದ್ರೆ, ದೋಷ ಕಂಡ ಒಲೆಗೆ ಜಡಿಯುವುದು, ಆ ಬೈಲನ ಮಗಳ ಚೀಲದಲ್ಲಿದೆ. ನಮ್ಮ ಮನೆಯಲ್ಲಿರುವುದೋ ಹಿಲ್ಟ್ರೂಟಳ ಅಜ್ಜಿಯ ಕಾಲದ ಹಸಿರು ಹೆಂಚಿನ ಒಲೆ. ಈ ಭಾನುವಾರ, ಕ್ರಿಸ್‌ಮಸ್ಸಿಗೆ ಮುಂಚಿನ ನಾಲ್ಕು ಭಾನುವಾರಗಳಲ್ಲಿ ಮೊದಲನೆಯದು, ಹಬ್ಬದ ಮೊದಲ ಮೇಣದಬತ್ತಿ ಹಚ್ಚುವ ದಿನ. ಹಿಲ್ಟ್ರೂಟಳ ನಾಲ್ಕು ಜನ ಅಕ್ಕತಂಗಿಯರು ಬಂದು, ಆ ಒಲೆಯ ಸುತ್ತಲಿನ ಬೆಂಚಿನಲ್ಲಿ ಬೆನ್ನು ಕಾಯಿಸಿಕೊಂಡು, ಸತ್ತವರನ್ನೂ ಬದುಕಿದವರನ್ನೂ ಸಮನಾಗಿ ಆಡಿಕೊಳ್ಳುತ್ತಾರೆ. ಒಲೆಗೆ ಮುದ್ರೆ ಬಿದ್ದರೆ ಹಿಲ್ಟ್ರೂಟಳ ಪಾಲಿಗೆ ಹಬ್ಬವೂ ಇಲ್ಲ, ಅಜ್ಜಿಯೂ ಇಲ್ಲ.

"ನೀವು ಸುಮ್ನಿರಿ. ಅಷ್ಟು ಮಾಡಿದ್ರೆ ಒಲೆಗೆ ಏನೂ ಆಗಲ್ಲ" ಎಂದಳು.

ಸುಮ್ಮನಿರುವುದೊಂದನ್ನು ಬಿಟ್ಟು ಮಿಕ್ಕೆಲ್ಲವನ್ನೂ ಇಲಾಖೆ ನನಗೆ ಕಲಿಸಿತ್ತು!

ಶುಕ್ರವಾರ ಬೆಳಿಗ್ಗೆ ಒಂಬತ್ತಕ್ಕೆ ಅಟ್ಟ ಹತ್ತಿದೆ. ಮೈಮೇಲೆ ಊರ ಬ್ಯಾಂಡಿನ ಹಳೆಯ ಕರಿಕೋಟು, ಎರಡು ಸಾಲು ಹಿತ್ತಾಳೆ ಗುಂಡಿಗಳದ್ದು, ಹಾಳಾದರೂ ಚಿಂತೆಯಿಲ್ಲ. ಕೈಯಲ್ಲಿ ಹೊಸದಾಗಿ ಕೊಂಡ ಉಕ್ಕಿನ ಕುಂಚ, ಹಗ್ಗ ಸಮೇತ. ಕೆಳಗೆ ಒಲೆಯ ಬಾಗಿಲನ್ನು ಅಗಲವಾಗಿ ತೆರೆದಿಟ್ಟು ಬಂದಿದ್ದೆ, ಕುಂಚ ಇಳಿದು ಬರುವ ಶುಭಘಳಿಗೆಯನ್ನು ಹಿಲ್ಟ್ರೂಟ್ ಕಣ್ಣಾರೆ ಕಾಣಲಿ ಎಂದು.

ಅಟ್ಟದ ಗೋಡೆಯಲ್ಲಿರುವ ಪುಟ್ಟ ಕಬ್ಬಿಣದ ಬಾಗಿಲು ತೆರೆದು ಕುಂಚ ಇಳಿಬಿಟ್ಟೆ. ಸರಸರ ಇಳಿಯಿತು. ಚಿಮಣಿ ಕಿರಿದಾಗುವಲ್ಲಿಗೆ ಹೋಗಿ ಗಕ್ಕನೆ ನಿಂತಿತು. ಎಳೆದೆ. ಬರಲಿಲ್ಲ. ಕಾಲು ಗೋಡೆಗೆ ಕೊಟ್ಟು ಎಳೆದೆ. ಹಗ್ಗ ಬಂತು! ಕುಂಚ ಬರಲಿಲ್ಲ!

"ಏನ್ರೀ ಅದು ಸದ್ದು?" ಕೆಳಗಿನಿಂದ ಕೂಗು.

"ಎಲ್ಲಾ ಯೋಜನೆ ಪ್ರಕಾರ ನಡೀತಿದೆ!"

"ಯೋಜನೆ ಕೂಗಾಡ್ತಿರೋ ಹಾಗಿದೆಯಲ್ಲ!"

ಗಂಟೆ ಹತ್ತೂಕಾಲು. ಭಾರದ್ದೇನಾದರೂ ಬಿದ್ದರೆ ಕುಂಚ ಕೆಳಗಿಳಿದೀತು. ಮನೆಯಲ್ಲಿ ಭಾರವಾದದ್ದು, ಚಿಕ್ಕದು, ನಂಬಿಕಸ್ಥವಾದದ್ದು ಯಾವುದು? ಗಾಜಿನ ಬೀರುವಿನಲ್ಲಿತ್ತು: ನಿವೃತ್ತಿಯ ದಿನ ಇಲಾಖೆ ಕೊಟ್ಟ ಎರಡು ಕಿಲೋ ತೂಕದ ಹಿತ್ತಾಳೆ ಬಟ್ಟು. ತಲೆಯ ಮೇಲೆ ಗುಂಡನೆಯ ಹಿಡಿ, ಹೊಟ್ಟೆಯ ಮೇಲೆ ನನ್ನ ಹೆಸರು. ಪ್ರತಿ ಶನಿವಾರ ನಾನೇ ಒರೆಸುತ್ತಿದ್ದೆ. ಹಿಲ್ಟ್ರೂಟಳಿಗೆ ಮುಟ್ಟಲೂ ಬಿಡುತ್ತಿರಲಿಲ್ಲ. ಅದರ ಹಿಡಿಗೆ ಬಟ್ಟೆ ಒಣಗಿಸುವ ಹಗ್ಗ ಬಿಗಿದು, ಮನಸ್ಸಿನಲ್ಲೇ ಇಲಾಖೆಗೆ ಕೈಮುಗಿದು, ಕೈಬಿಟ್ಟೆ.

ಧಡ್! ಎಲ್ಲೋ ಹಿತ್ತಾಳೆ ಮುರಿದ ಸದ್ದು, ಹಗ್ಗ ಕಳಚಿ ಹಗುರಾಯಿತು. ಆಮೇಲೆ ಭೂಮಿ ಆಕಳಿಸಿದಂಥ ಒಂದು ಸದ್ದು. ಆಮೇಲೆ ಹಿಲ್ಟ್ರೂಟಳ ಕಿರುಚಾಟ.

ಕೆಳಗೆ ಓಡಿದೆ. ಕುಂಚ ಇಳಿದಿತ್ತು, ಅದನ್ನು ಒಪ್ಪಿಕೊಳ್ಳಬೇಕು. ಜೊತೆಗೆ ಮೂವತ್ತು ವರ್ಷದ ಮಸಿಯೂ ಇಳಿದು, ತೆರೆದ ಬಾಗಿಲಿನಿಂದ ನಡುಮನೆಗೆ ದಯಮಾಡಿಸಿತ್ತು. ಬುಧವಾರ ಒಗೆದ ಬಿಳಿ ಪರದೆಗಳು ಕಪ್ಪು. ಭಾನುವಾರಕ್ಕೆಂದು ಮಾಡಿಟ್ಟಿದ್ದ ಒಣಹಣ್ಣಿನ ಕೇಕು ಕಪ್ಪು. ಕೋಣೆಯ ನಡುವೆ ನಿಂತಿದ್ದ ಹೆಂಡತಿಯಲ್ಲಿ ಎರಡು ಕಣ್ಣು ಮಾತ್ರ ಬಿಳಿ, ಆ ಎರಡೂ ನನ್ನ ಮೇಲೆ. ಬಟ್ಟಿನ ಸುಳಿವಿಲ್ಲ, ಕುಂಚ ಬಿಟ್ಟುಹೋದ ಜಾಗದಲ್ಲಿ ಅದೇ ಹೋಗಿ ಕೂತಿತ್ತು.

"ಹಿಲ್ಟ್ರೂಟ್, ಚಿಮಣಿ ಮಾತ್ರ ಈಗ ಒಳ್ಳೇ ಸ್ವಚ್ಛ..."

"ಹೊರಗೆ!" ಎಂದಳು. "ಆ ಕಾಲಲ್ಲಿ ಜಮಖಾನ ತುಳೀಬೇಡಿ! ಏನನ್ನೂ ಮುಟ್ಟಬೇಡಿ! ಆ ಕುಂಚಾನೂ ತಗೊಂಡು ಹೊರಗೆ!"

ಹೀಗಾಗಿ ಹನ್ನೊಂದು ಗಂಟೆಗೆ ನಾನು ನಮ್ಮ ಮನೆಯ ಮುಂದೆ ಬೀದಿಯಲ್ಲಿ ನಿಂತಿದ್ದೆ. ಕರಿಕೋಟು, ಹೊಳೆಯುವ ಹಿತ್ತಾಳೆ ಗುಂಡಿ, ಹೆಗಲ ಮೇಲೆ ಕುಂಚ, ಮುಖದ ತುಂಬ ಮಸಿ. ಎದುರಿಗೆ ಪುರಸಭೆಯ ಕಟ್ಟಡ. ಅದರ ಮೆಟ್ಟಿಲ ಮೇಲೆ ಆಗತಾನೆ ಸಹಿ ಹಾಕಿ ಹೊರಬಂದ ಮದುವೆ ದಿಬ್ಬಣ!

ನಮ್ಮ ಕಡೆ ಕರಿಕೋಟಿನ ಚಿಮಣಿ ಗುಡಿಸುವವರು ಎದುರಾದರೆ ಅದೃಷ್ಟ, ಅವರ ಕೋಟಿನ ಹಿತ್ತಾಳೆ ಗುಂಡಿ ಮುಟ್ಟಿದರೆ ಎರಡರಷ್ಟು ಅದೃಷ್ಟ. ಇದನ್ನು ನಾನೂ ಹುಟ್ಟಿದಂದಿನಿಂದ ನಂಬಿದವನೇ. ಆದರೆ ಗುಂಡಿಯ ಒಳಗಡೆ ನಾನಿದ್ದದ್ದು ಇದೇ ಮೊದಲು.

"ಅಯ್ಯೋ, ಬಂದೇಬಿಟ್ರು ನೋಡಿ!" ಎಂದು ಮದುವಣಗಿತ್ತಿ ಬಿಳಿ ಲಂಗ ಎತ್ತಿಕೊಂಡು ಓಡಿಬಂದಳು. "ನಾನು ಹೆಣ್ಣು ಬರ್ತಾರೆ ಅಂದ್ಕೊಂಡಿದ್ದೆ. ಪರವಾಗಿಲ್ಲ, ಅಜ್ಜನಾದ್ರೆ ಅದೃಷ್ಟ ಇನ್ನೂ ಗಟ್ಟಿ!"

"ನಾನು ಅವರಲ್ಲಮ್ಮ, ನಾನು ಅಳತೆ ಮತ್ತು..."

"ನಾಚ್ಕೋಬೇಡಿ ಅಜ್ಜ!" ಎಂದು ಮದುಮಗ ನನ್ನ ತೋಳು ಹಿಡಿದು ನಡುವೆ ನಿಲ್ಲಿಸಿಕೊಂಡ. ದಿಬ್ಬಣದ ಇಪ್ಪತ್ತೂ ಜನ ಸಾಲುಹಿಡಿದು ಗುಂಡಿ ಉಜ್ಜಿದರು. ಮದುವಣಗಿತ್ತಿ ಕೆನ್ನೆಗೆ ಮುತ್ತು ಕೊಟ್ಟು, ಮೂಗು ಕಪ್ಪಾಗಿಸಿಕೊಂಡು, ಫೋಟೋಗೆ ನಿಂತಳು. ಯಾರೋ ಕೈಗೆ ಚೆರ್ರಿ ಹೆಂಡದ ಲೋಟ ಕೊಟ್ಟರು. ಕುಡಿದೆ. ನಿಜ ಹೇಳಬೇಕೆಂದರೆ ಇಷ್ಟವಾಯಿತು. ಮೂವತ್ತಾರು ವರ್ಷದ ನೌಕರಿಯಲ್ಲಿ ನನ್ನನ್ನು ಕಂಡು ಒಬ್ಬರೂ ಎದುರಿಗೆ ಓಡಿಬಂದದ್ದಿಲ್ಲ. ಓಡಿದವರೆಲ್ಲ ಆ ಕಡೆಗೇ. ಮೂರನೆಯ ಲೋಟದ ಹೊತ್ತಿಗೆ "ನೂರು ವರ್ಷ ಬಾಳಿ ಮಕ್ಕಳೇ!" ಎಂದು ಆಶೀರ್ವಾದವನ್ನೇ ಮಾಡುತ್ತಿದ್ದೆ.

ಆಗ ಹಿಂದಿನಿಂದ ಒಂದು ದನಿ.

"ಇದು ನನ್ನ ಮದುವೆ."

ತಿರುಗಿ ನೋಡಿದೆ. ಮಡಿಕೆ ಮುರಿಯದ ಕರಿಕೋಟು, ಎತ್ತರದ ಕರಿಟೊಪ್ಪಿ, ತೊಳೆದ ಮುಖ. ಕಾತ್ರಿನ್ ಬೈಲ್! ದಿಬ್ಬಣದವರು ಅದೃಷ್ಟಕ್ಕೆಂದು ಹನ್ನೊಂದಕ್ಕೆ ಕರೆಸಿದ್ದದ್ದು ಅವಳನ್ನು. ಅಲ್ಲಿ ಮುಗಿಸಿ ಹನ್ನೊಂದೂವರೆಗೆ ಎದುರುಗಡೆ ನಮ್ಮ ಮನೆ.

"ಐಸೆಲೆಯವ್ರೇ, ನಿಮ್ಮಲ್ಲಿ ಈ ಕೆಲಸದ ಪರವಾನಗಿ ಇದೆಯಾ?" ಎಂದಳು.

ಪರವಾನಗಿ ಎಂಬ ಪದವನ್ನು ನಾನು ಸಾವಿರ ಜನಕ್ಕೆ ಎಸೆದಿದ್ದೆ. ಅದು ಎಷ್ಟು ಗಟ್ಟಿಯಾಗಿ ತಾಗುತ್ತದೆಂದು ಗೊತ್ತಿರಲಿಲ್ಲ.

ಮನೆಯೊಳಗೆ ಬಂದವಳು ಪರದೆ ನೋಡಿದಳು, ಕೇಕು ನೋಡಿದಳು, ಹಿಲ್ಟ್ರೂಟಳನ್ನು ನೋಡಿದಳು. "ಚೀಟಿ ಸರಿಯಾಗಿ ಓದಿದ್ರಾ? ಇವತ್ತು ಬರೀ ನೋಡೋದು. ಗುಡಿಸೋದು ಮಾರ್ಚಿಗೆ."

"ಮಸಿ ಕಂಡ್ರೆ ದೋಷ ಬರೀತೀರಿ ಅಂತ..." ಎಂದೆ.

"ಮಸಿ ಇದ್ರೇನೇ ಸ್ವಾಮಿ ಅದು ಚಿಮಣಿ! ಅದೇ ನನ್ನ ಅನ್ನ!" ಎಂದು ಒಲೆಯೊಳಗೆ ಕನ್ನಡಿ ಹಿಡಿದು ಮೇಲಕ್ಕೆ ನೋಡಿದಳು. ಬಹಳ ಹೊತ್ತು ನೋಡಿದಳು. ಎದ್ದಾಗ ಮುಖದಲ್ಲಿ ನಗು ಇರಲಿಲ್ಲ. "ಆಕಾಶ ಕಾಣ್ಬೇಕಿತ್ತು. ಕಾಣ್ತಿಲ್ಲ. ಏನೋ ಅಡ್ಡ ಕೂತು, ಸುತ್ತ ಮಸಿ ಕಟ್ಟಿ, ದಾರಿ ಮುಚ್ಚಿದೆ. ಇದಕ್ಕೆ ಬೆಂಕಿ ಹಾಕಿದ್ರೆ ಹೊಗೆ ಎಲ್ಲಾ ಒಳಗೇ. ಭಾನುವಾರ ಇಲ್ಲಿ ಕೂತವರು ಸೋಮವಾರ ಏಳ್ತಿರ್ಲಿಲ್ಲ."

ಚೀಲದಿಂದ ಕೆಂಪು ಮುದ್ರೆ ತೆಗೆದಳು.

"ಕಾತ್ರಿನ್, ಹಬ್ಬ ಇದೆಯಮ್ಮ, ಒಂದೇ ಒಂದು ಸಲ..." ಎಂದೆ.

"ಕಾನೂನು ಅಂದ್ರೆ ಕಾನೂನು ಐಸೆಲೆ, ನಾನೇನೂ ಮಾಡೋ ಹಾಗಿಲ್ಲ." ಹೆಸರೊಂದು ಬಿಟ್ಟರೆ ಒಂದಕ್ಷರ ಬದಲಾಯಿಸಿರಲಿಲ್ಲ. "ಅವತ್ತು ನನಗೆ ಹದಿನಾಲ್ಕು ವರ್ಷ. ಅಪ್ಪನ ಪಕ್ಕದಲ್ಲೇ ನಿಂತಿದ್ದೆ. ಸಾಲಲ್ಲಿದ್ದ ನಲವತ್ತು ಜನ ಎದುರಂಗಡಿಗೆ ಹೋದ್ರು. ಅಪ್ಪ ಬಾತುಕೋಳಿಗಳ್ನ ನೋಡ್ತಾ ನಿಂತಿದ್ರು."

"ನಾನೂ ಆ ಸಾಲಲ್ಲಿದ್ದೆ" ಎಂದಳು ಹಿಲ್ಟ್ರೂಟ್ ಮೆಲ್ಲಗೆ. "ಹಾಕಮ್ಮ ಮುದ್ರೆ." ಹಾಗೆಂದು ಸೆರಗಿನಂತೆ ಏಪ್ರನ್ನಿನ ತುದಿ ಹಿಡಿದು ಅಜ್ಜಿಯ ಒಲೆಯ ಒಂದು ಹಸಿರು ಹೆಂಚನ್ನು ಒರೆಸಿದಳು. ಅದೊಂದೇ ಹೆಂಚು. ಮತ್ತೆ ಮತ್ತೆ ಅದನ್ನೇ ಒರೆಸಿದಳು.

ನನಗೆ ತಡೆಯಲಾಗಲಿಲ್ಲ. "ಒಲೆ ಏನೂ ತಪ್ಪು ಮಾಡಿಲ್ಲ, ಇವಳೂ ಮಾಡಿಲ್ಲ. ತಪ್ಪು ನನ್ನದು. ಅವತ್ತೂ ನನ್ನದೇ. ಮುದ್ರೆ ಹಾಕೋದಾದ್ರೆ ನನಗೆ ಹಾಕು ತಾಯಿ" ಎಂದೆ. ಚೆರ್ರಿ ಹೆಂಡ ಹೇಳಿಸಿತೆಂದು ಹಿಲ್ಟ್ರೂಟ್ ಇವತ್ತಿಗೂ ಹೇಳುತ್ತಾಳೆ. ಅಲ್ಲ.

ಕಾತ್ರಿನ್ ನನ್ನನ್ನು ಅಡಿಯಿಂದ ಮುಡಿವರೆಗೆ ನೋಡಿದಳು. ಆಮೇಲೆ ಅಟ್ಟ ಹತ್ತಿದಳು. ಕೊಕ್ಕೆ ಇಳಿಸಿ ಹತ್ತೇ ನಿಮಿಷದಲ್ಲಿ ನನ್ನ ಬಟ್ಟನ್ನು ಮೇಲಕ್ಕೆತ್ತಿದಳು. ಮತ್ತೆ ಕೆಳಗೆ ಬಂದು ಕನ್ನಡಿ ಹಿಡಿದಳು. ಆಕಾಶ ಕಂಡಿತು. ಅವಳ ಕೈಯಲ್ಲಿದ್ದ ಬಟ್ಟಿನ ಹಿಡಿಯಲ್ಲಿ ಒಂದು ಚೂರು ಹಾರಿಹೋಗಿತ್ತು. ಅದನ್ನು ಅಂಗೈಯಲ್ಲಿ ತೂಗಿ, "ಹಿಲ್ಟ್ರೂಟಮ್ಮ, ಅಡುಗೆಮನೇಲಿ ತಕ್ಕಡಿ ಇದೆಯಾ?" ಎಂದಳು.

ಬಂತು. ತೊಳೆದ ಬಟ್ಟನ್ನು ಅದರ ಮೇಲಿಟ್ಟರು. ಸಾವಿರದ ಒಂಬೈನೂರ ತೊಂಬತ್ತೊಂದು ಗ್ರಾಂ.

"ಅಡುಗೆಮನೆ ತಕ್ಕಡಿ! ಅದಕ್ಕೇನು ಪ್ರಮಾಣ?" ಎಂದು ಹಾರಿದೆ.

"ಪ್ರಮಾಣನಾ?" ಎಂದಳು ಹಿಲ್ಟ್ರೂಟ್. "ನಮ್ಮ ಮದುವೆಯ ಬೆಳ್ಳಿಹಬ್ಬಕ್ಕೆ ನೀವೇ ಕೊಟ್ಟ ಉಡುಗೊರೆ! ನಾನು ಕೇಳಿದ್ದು ಸರ. 'ನಾನೇ ಪರೀಕ್ಷೆ ಮಾಡಿದ್ದೀನಿ, ಒಂದು ಗ್ರಾಮೂ ತಪ್ಪಲ್ಲ' ಅಂತ ಭಾಷಣ ಬೇರೆ!"

ಕಾತ್ರಿನ್ ವರದಿ ಬರೆದಳು. 'ಒಲೆ: ದೋಷವಿಲ್ಲ. ಚಿಮಣಿ: ದೋಷವಿಲ್ಲ. ಚಿಮಣಿಯಲ್ಲಿ ಸಿಕ್ಕ ಬಟ್ಟು: ಒಂಬತ್ತು ಗ್ರಾಂ ಕಡಿಮೆ, ಬಳಕೆಗೆ ಅರ್ಹವಲ್ಲ. ಪರಿಹಾರ: ಮಾಲೀಕರು ಬೈಲ್ ಮಾಂಸದಂಗಡಿಗೆ ಖುದ್ದಾಗಿ ಹೋಗುವುದು.' ಕೆಂಪು ಮುದ್ರೆಯನ್ನು ಬಟ್ಟಿನ ಹೊಟ್ಟೆಗೆ, ನನ್ನ ಹೆಸರಿನ ಮೇಲೇ ಅಂಟಿಸಿದಳು. ಹಿಲ್ಟ್ರೂಟ್ ಅದನ್ನು ತಾನೇ ಎತ್ತಿ ಗಾಜಿನ ಬೀರುವಿನಲ್ಲಿಟ್ಟಳು, ಮುದ್ರೆ ಮುಂದಕ್ಕೆ ಕಾಣುವ ಹಾಗೆ.

ಶನಿವಾರ ಹೋದೆ. ಅಂಗಡಿಯಲ್ಲಿ ಉದ್ದದ ಸಾಲು. ಮುದುಕ ಬೈಲ್ ನನ್ನನ್ನು ನೋಡಿದ್ದೇ ತಕ್ಕಡಿಯಿಂದ ಎರಡು ಕೈಯನ್ನೂ ಮೇಲಕ್ಕೆತ್ತಿದ. ಸಾಲೆಲ್ಲ ನಕ್ಕಿತು.

"ಅವತ್ತಿನದು ತಪ್ಪಾಯ್ತು ಬೈಲ್" ಎಂದೆ, ಎಲ್ಲರಿಗೂ ಕೇಳುವ ಹಾಗೆ. ನಗು ನಿಂತಿತು. "ಅರ್ಧ ಕಿಲೋ ಸಾಸೇಜು ಕೊಡು."

ಅವನು ಅರ್ಧ ಕಿಲೋ ತೂಗಿದ. ಮುಳ್ಳು ಸರಿಯಾಗಿ ನಿಲ್ಲುವವರೆಗೆ ಕಾದ. ಆಮೇಲೆ ಚಾಕು ತೆಗೆದು, ಇನ್ನೊಂದು ಸಾಸೇಜಿನ ತುದಿಯಿಂದ ಎಲೆಯಷ್ಟು ತೆಳುವಾದ ಒಂದು ಬಿಲ್ಲೆ ಕೊಯ್ದು, ಚಾಕುವಿನ ತುದಿಯಲ್ಲೇ ನನ್ನ ಮುಂದೆ ಚಾಚಿದ.

"ಆರು ಗ್ರಾಂ ಜಾಸ್ತಿ ಇನ್ಸ್‌ಪೆಕ್ಟರೇ. ಬರ್ಕೊಳ್ಳಿ."

ಕೈಗೆ ತೆಗೆದುಕೊಂಡೆ. ಮೂವತ್ತಾರು ವರ್ಷ ಪಳಗಿದ ಅಂಗೈ ಸುಳ್ಳು ಹೇಳುವುದಿಲ್ಲ: ಅದು ಏಳು ಗ್ರಾಂ ಇತ್ತು! ಬಾಯಿ ತೆರೆದೆ. ಇಡೀ ಸಾಲು ಉಸಿರು ಬಿಗಿಹಿಡಿಯಿತು.

ಬಿಲ್ಲೆಯನ್ನು ಬಾಯಿಗೆ ಹಾಕಿಕೊಂಡು ಮುಚ್ಚಿದೆ.